ಲಂಡನ್ನಿನಲ್ಲಿ ಕಂಡ ಧರ್ಮಯ್ಯ

ಲಂಡನ್ನಿಗೆ ಬಂದವರು ನೋಡಲೇಬೇಕಾದ ಅರಮನೆ, ಗೋಪುರ, ಸೇತುವೆಗಳನ್ನು ಮಧ್ಯಾಹ್ನದೊಳಗೆ ನೋಡಿ ಮುಗಿಸಿದೆ. ಥೇಮ್ಸ್ ನದಿಯ ಲ್ಯಾಂಬೆತ್ ದಂಡೆಯಲ್ಲಿ 2015ರಿಂದ ಇರುವ ಬಸವಣ್ಣನವರ ಪ್ರತಿಮೆಯ ಬಳಿ ಮಾತ್ರ ತುಸು ಹೊತ್ತು ನಿಂತೆ. ನನ್ನ ಮನಸ್ಸೆಲ್ಲ ಬ್ರಿಟಿಷ್ ಲೈಬ್ರರಿಯ ಒಂದು ವರ್ಣಚಿತ್ರದ ಮೇಲಿತ್ತು.

ಥಾಮಸ್ ಹಿಕ್ಕಿ 1816ರಲ್ಲಿ ಮದರಾಸಿನಲ್ಲಿ ಬರೆದ ಚಿತ್ರವದು. ಕೆಂಪು ಸಮವಸ್ತ್ರದ ಕಾಲಿನ್ ಮೆಕೆಂಜಿ, ಅವನ ಜೊತೆ ಮೂವರು ಭಾರತೀಯರು, ದೂರದಲ್ಲಿ ಕಾರ್ಕಳದ ಗೊಮ್ಮಟ. ತಾಳೆಗರಿ ಹಿಡಿದವನನ್ನು ಜೈನ ಪಂಡಿತ ಧರ್ಮಯ್ಯನೆಂದು ವಿದ್ವಾಂಸರು ಗುರುತಿಸುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಡೆದ ಮೈಸೂರು ಸರ್ವೇಕ್ಷಣದಲ್ಲಿ ಮೆಕೆಂಜಿಗೆ ಹಳಗನ್ನಡ ಶಾಸನಗಳನ್ನು ಓದಿಕೊಟ್ಟ ಮಲೆಯೂರಿನ ಧರ್ಮಯ್ಯ! ಸಂಗ್ರಹಕ್ಕೆ ಮೆಕೆಂಜಿಯ ಹೆಸರು ನಿಂತಿತು. ಓದಿಕೊಟ್ಟವನನ್ನು ಕೈಯಲ್ಲಿರುವ ಗರಿಯಿಂದ ಗುರುತಿಸಬೇಕಾಗಿದೆ.

ನಾನು ವಿದುರಾಶ್ವತ್ಥದ ಸೀಮೆಯವನು. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜಾರೋಹಣಕ್ಕೆಂದು ನೆರೆದ ಜನರ ಮೇಲೆ ಗೋಲಿಬಾರ್ ನಡೆಯಿತು. ಸತ್ತವರು 10 ಎಂದು ಸರ್ಕಾರದ ಲೆಕ್ಕ, 32 ಎಂದು ಜನರ ಲೆಕ್ಕ. ಅಂಥ ನೆಲದವನಿಗೆ ಹೆಸರುಗಳ ವಿಷಯದಲ್ಲಿ ಒಂದು ಬಗೆಯ ಹಟವಿರುತ್ತದೆ. ಚಿತ್ರದ ಮುಂದೆ ನಿಂತು “ಧರ್ಮಯ್ಯ” ಎಂದು ಗಟ್ಟಿಯಾಗಿಯೇ ಅಂದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.