ತೆನಿಯೋ, ತೆನೆಯೋ?

ಪಾಠಾಂತರವೆಂದರೇನೆಂಬುದನ್ನು ಹತ್ತು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. ಹಸ್ತಪ್ರತಿಗಳನ್ನು ಕ, ಖ, ಗ ಎಂದು ಗುರುತಿಸಿ, ಒಪ್ಪಿದ ಪಾಠವನ್ನು ಮೇಲೆಯೂ ಒಪ್ಪದ ಪಾಠಗಳನ್ನು ಅಡಿಯಲ್ಲಿಯೂ ಅಚ್ಚು ಮಾಡುವುದು ಸಂಪಾದಕನ ಧರ್ಮವೆಂದು ಸಾರುವ ನಾನೇ ಆ ಧರ್ಮಕ್ಕೆ ತಪ್ಪಿದೆ.

ಬಾಗಲಕೋಟೆಯಿಂದ ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಎರಡು ವರ್ಷಗಳ ಭಾನುವಾರಗಳನ್ನು ಕಳೆದು ಅಲ್ಲಿಯ ನೇಕಾರರ ಮಾತುಗಳನ್ನು ಕೂಡಿಹಾಕಿದ್ದೆ. ಗೋಮಿ, ಪರಾಸಪೇಟ, ಗಾಡಿ ಎಂಬ ದಡಿಗಳು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಕುಣಿಕೆಯಾಗಿ ಸೇರಿಸುವ ಕೊಂಡಿ. ಹೆಚ್ಚಿನದನ್ನು ಹೇಳಿಕೊಟ್ಟವರು ಒಬ್ಬ ವೃದ್ಧ ನೇಕಾರರು. ಸೆರಗಿನ ಜೋಳದ ತೆನೆಯ ಚಿತ್ತಾರಕ್ಕೆ ಅವರು ‘ತೆನಿ’ ಎನ್ನುತ್ತಿದ್ದರು; ‘ಮನೆ’ ನಮ್ಮ ಕಡೆ ‘ಮನಿ’ಯಾಗುವುದಿಲ್ಲವೇ, ಹಾಗೆ. ಮಗ್ಗದ ಪಕ್ಕದಲ್ಲಿಯೇ ಕುಳಿತು ನೇರವಾಗಿ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡೆ. ಮುಂದೊಂದು ರಾತ್ರಿ, ಲೇಖನವೊಂದನ್ನು ಸಿದ್ಧಗೊಳಿಸುವ ಭರದಲ್ಲಿ, ಎಂ.ಎ. ಪದವಿಯ ಗತ್ತಿನಿಂದ ಎಲ್ಲವನ್ನೂ ಗ್ರಾಂಥಿಕ ರೂಪಕ್ಕೆ ತಿದ್ದಿ, ಅದೇ ಕಡತದ ಮೇಲೆ ಉಳಿಸಿಬಿಟ್ಟೆ. ಆ ವರ್ಷದ ಕಾರ್ತಿಕದಲ್ಲಿ ಅಜ್ಜ ತೀರಿಕೊಂಡರು. ಅವರು ನಿಜವಾಗಿ ಏನೆಂದಿದ್ದರೆಂಬುದು ಅವರೊಡನೆಯೇ ಹೋಯಿತು.

ದೀಪಾವಳಿಗೆ ಬಂದಿದ್ದ ಸೋದರಳಿಯನ ಮುಂದೆ ಇದನ್ನು ತೋಡಿಕೊಂಡೆ. ನನ್ನ ಕಡತಗಳ ಹೆಸರುಗಳನ್ನು ನೋಡಿ ಅವನಿಗೆ ನಗು: ‘ಅಂತಿಮ’, ‘ಅಂತಿಮ 2’, ‘ನಿಜವಾದ ಅಂತಿಮ’. “ಮಾಮಾ, ಇದಕ್ಕ ಗಿಟ್ ಅಂತ ಐತಿ, ನೋಡ್ರಿ” ಎಂದ. ಲಿನಕ್ಸ್ ನಿರ್ಮಾಣದ ಕೆಲಸಕ್ಕಾಗಿ ಲಿನಸ್ ಟೋರ್ವಾಲ್ಡ್ಸ್ ಎಂಬವರು 2005ರಲ್ಲಿ ರಚಿಸಿದ ಸಾಧನವಂತೆ. ಆಜ್ಞೆಗಳನ್ನು ಬಾಯಿಪಾಠ ಮಾಡಲಾರದ ನನ್ನಂಥವರಿಗೆ ‘ಗಿಟ್‌ಹಬ್ ಡೆಸ್ಕ್‌ಟಾಪ್’ ಎಂಬ ಉಚಿತ ತಂತ್ರಾಂಶವಿದೆ, ಗುಂಡಿಗಳನ್ನೊತ್ತಿದರೆ ಸಾಕು.

ಮೊದಲು ‘ರೆಪಾಸಿಟರಿ’ ಎಂಬ ಭಂಡಾರವನ್ನು ತೆರೆಯಬೇಕು. ಅದು ಹೊರನೋಟಕ್ಕೆ ಸಾಧಾರಣ ಫೋಲ್ಡರೇ. ಅದರೊಳಗಿನ ಬರಹವನ್ನು ತಿದ್ದಿ ಉಳಿಸಿದೊಡನೆ, ಅಳಿದ ಸಾಲು ಕೆಂಪಿನಲ್ಲಿಯೂ ಸೇರಿದ ಸಾಲು ಹಸುರಿನಲ್ಲಿಯೂ ಕಾಣುತ್ತದೆ. ಎಡಗಡೆ ಕೆಳಗಿನ ಚೌಕದಲ್ಲಿ ಬದಲಾವಣೆಯ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ‘ಕಮಿಟ್’ ಒತ್ತಿದರೆ, ಆ ಕ್ಷಣದ ಪ್ರತಿ ತಾರೀಖಿನೊಡನೆ ‘ಹಿಸ್ಟರಿ’ಗೆ ಸೇರುತ್ತದೆ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕಪ್ಪೆ ಅರಭಟ್ಟನ ಶಾಸನವನ್ನು ಕೆತ್ತಿದವನಿಗೆ ಈ ಅನುಕೂಲವಿರಲಿಲ್ಲ. ನನ್ನಂತೆ ರಾತ್ರೋರಾತ್ರಿ ತಿದ್ದುವ ಚಪಲವೂ ಇದ್ದಿರಲಾರದು.

ತೊಡಕುಗಳು ಇಲ್ಲವೆಂದಲ್ಲ. ವರ್ಡ್ ಕಡತ ಬದಲಾಯಿತೆಂಬುದಷ್ಟೇ ಇಲ್ಲಿ ತಿಳಿಯುತ್ತದೆ, ಯಾವ ಪದವೆಂಬುದು ಕಾಣುವುದಿಲ್ಲ. ಸಾದಾ ಪಠ್ಯ ಕಡತವೇ ಬೇಕು. ನುಡಿಯ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದ ನನ್ನ ಟಿಪ್ಪಣಿಗಳು ರೋಮನ್ ಲಿಪಿಯ ಅರ್ಥವಿಲ್ಲದ ಸಾಲುಗಳಾಗಿ ಕಂಡವು. ಎಲ್ಲವನ್ನೂ ಯೂನಿಕೋಡಿಗೆ ಬದಲಿಸುವುದರಲ್ಲಿ ರಜೆ ಮುಗಿಯಿತು. ಒಂದು ಸಾಲಿಗೆ ಒಂದೇ ಪದವಿಟ್ಟರೆ ತಿದ್ದುಪಡಿ ಸ್ಪಷ್ಟವಾಗಿ ಕಾಣುವುದೆಂಬುದು ನಾನಾಗಿ ಕಂಡುಕೊಂಡದ್ದು. ಭಂಡಾರದ ಪ್ರತಿಯನ್ನು ಅಂತರಜಾಲದಲ್ಲಿ ಇಡುವಾಗ ಖಾಸಗಿಯಾಗಿಯೇ ಇರಿಸಿದೆ. ನೇಕಾರರ ಮನೆಯ ಮಾತುಗಳೂ ಅದರಲ್ಲಿವೆ.

“ಹಂಗಾದರ ಅಜ್ಜನ ಮಾತು ತಿರುಗಿ ಸಿಗತಾವೇನೋ?” ಎಂದು ಕೇಳಿದೆ. ಮೊದಲ ಕಮಿಟ್ಟಿಗಿಂತ ಹಿಂದಿನದು ಯಾವುದೂ ಅದಕ್ಕೆ ಗೊತ್ತಿಲ್ಲವೆಂದು ಅಳಿಯ ಮೆಲ್ಲಗೆ ತಿಳಿಸಿದ.

ನೆನಪನ್ನು ಕೆದಕಿ, ಖಚಿತವಾಗಿ ಅವರ ಬಾಯಿಂದಲೇ ಕೇಳಿದ್ದೆನೆಂದು ಹೇಳಬಹುದಾದ ಹನ್ನೊಂದು ಪದಗಳನ್ನು ಮಾತ್ರ ಮೊದಲಿನ ರೂಪಕ್ಕೆ ತಂದೆ. ‘ತೆನೆ’ ಕೆಂಪಾಗಿ, ‘ತೆನಿ’ ಹಸುರಾಗಿ ಕಂಡಿತು. ಕಾರಣದ ಚೌಕದಲ್ಲಿ ‘ಅಜ್ಜ ಹೇಳಿದಂತೆ’ ಎಂದು ಬರೆದೆ. ಉಳಿದ ಪದಗಳಿಗಾಗಿ ಬರುವ ಭಾನುವಾರ ಮತ್ತೆ ಇಳಕಲ್ಲಿನ ಬಸ್ಸು ಹತ್ತಬೇಕು. ಅಜ್ಜನ ತಂಗಿಯೊಬ್ಬರು ಇನ್ನೂ ಅಲ್ಲಿ ಕಂಡಿಕೆ ಸುತ್ತುತ್ತಾರಂತೆ.