ಇಳಕಲ್ಲಿನ ಸೆರಗು, ಕೌದಿಯ ಒಡಲು

ಹುನಗುಂದದಿಂದ ಕುಷ್ಟಗಿಯ ಕಡೆಗೆ ದಕ್ಷಿಣಾಭಿಮುಖವಾಗಿ ಹೊರಟ ಪ್ರಯಾಣಿಕನಿಗೆ ಇಳಕಲ್ಲು ಸಮೀಪಿಸಿತೆಂಬುದನ್ನು ಮೊದಲು ತಿಳಿಸುವುದು ಕಲ್ಲು. ಈ ಸೀಮೆಯ ಕೆಂಪು ಗ್ರಾನೈಟ್ ಶಿಲೆ ದೂರದೂರದ ದೇಶಗಳಿಗೆ ಹೋಗಿ ದೊಡ್ಡ ದೊಡ್ಡ ಕಟ್ಟಡಗಳ ಗೋಡೆಗಳನ್ನೇರಿ ಕುಳಿತಿದೆ. ಆದರೆ ಊರೊಳಗೆ ಕಾಲಿಟ್ಟೊಡನೆ ಕಲ್ಲು ಮರೆತುಹೋಗಿ, ಮಗ್ಗದ ಸದ್ದು ಕಿವಿಯನ್ನು ತುಂಬುತ್ತದೆ. ಓಣಿಯ ಇಕ್ಕೆಲದ ಮನೆಗಳಲ್ಲಿ, ಒಮ್ಮೆ ವಿದ್ಯುತ್ ಮಗ್ಗದ ಎಡೆಬಿಡದ ಗದ್ದಲ, ಒಮ್ಮೆ ಕುಣಿಮಗ್ಗದ ನಿಧಾನವಾದ ಲಾಳಿಯ ಸಪ್ಪಳ. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ತಾನೇ ಒಂದು ಜಿಲ್ಲೆಯಾಯಿತು. ಇಳಕಲ್ಲು ಇತ್ತೀಚೆಗೆ ತಾಲೂಕಿನ ಪದವಿಯನ್ನೂ ಪಡೆಯಿತು. ಆದರೆ ಕನ್ನಡ ನಾಡಿನ ಮನೆಮನೆಗಳಲ್ಲಿ ಈ ಊರಿನ ಹೆಸರು ಉಳಿದಿರುವುದು ಸರಕಾರದ ಕಾಗದಪತ್ರಗಳಿಂದಲ್ಲ, ಹೆಂಗಸರ ಪೆಟ್ಟಿಗೆಗಳಲ್ಲಿ ಮಡಿಸಿಟ್ಟ ಸೀರೆಗಳಿಂದ.

ಇಳಕಲ್ಲಿನ ಸೀರೆಯ ಗುಟ್ಟೆಲ್ಲ ಅದರ ಒಡಲಿಗೂ ಸೆರಗಿಗೂ ನಡುವೆ ಅಡಗಿದೆ. ಇತರ ಅನೇಕ ಸೀರೆಗಳಲ್ಲಿ ಹಾಸು ಒಂದೇ. ನೇಕಾರನು ಒಂದರ ಬೆನ್ನಿಗೆ ಒಂದರಂತೆ ಸೀರೆಗಳನ್ನು ಅದೇ ಹಾಸಿನ ಮೇಲೆ ನೇಯುತ್ತ ಹೋಗಬಹುದು. ಇಲ್ಲಿ ಹಾಗಲ್ಲ. ಒಡಲಿನ ಹಾಸು ಹತ್ತಿಯದಾದರೆ ಸೆರಗಿನ ಹಾಸು ರೇಷ್ಮೆಯದು. ಎರಡರ ಎಳೆಗಳನ್ನೂ ಕುಣಿಕೆಗಳಾಗಿಸಿ ಒಂದರೊಳಗೊಂದನ್ನು ಸಿಲುಕಿಸಿ ಬೆಸೆಯುತ್ತಾರೆ. ಈ ಬೆಸುಗೆಗೆ ನೇಕಾರರು ಕೊಂಡಿ ಎನ್ನುತ್ತಾರೆ. ಹೀಗಾಗಿ ಪ್ರತಿಯೊಂದು ಸೀರೆಗೂ ಅದರದೇ ಆದ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು. ಮಗ್ಗದ ಮೇಲೆ ಕೂಡುವವನು ಒಬ್ಬನೇ ಆದರೂ ನೂಲು ಸುತ್ತುವುದಕ್ಕೆ, ಹಾಸು ಹೂಡುವುದಕ್ಕೆ ಮನೆಯ ಹೆಂಗಸರು ಮಕ್ಕಳೆಲ್ಲ ಬೇಕಾಗುತ್ತಾರೆ.

ಸೆರಗಿನ ಮೇಲೆ ಕೆಂಪು ನೆಲದಲ್ಲಿ ಬಿಳಿಯ ಗೋಪುರಗಳು ಸಾಲುಗಟ್ಟಿ ನಿಲ್ಲುತ್ತವೆ. ಇದಕ್ಕೆ ತೋಪುತೆನೆ ಎಂದು ಹೆಸರು. ಕನ್ನಡದಲ್ಲಿ ತೆನೆಯೆಂದರೆ ಜೋಳದ ತೆನೆಯೂ ಹೌದು, ಕೋಟೆಗೋಡೆಯ ಮೇಲಿನ ತೆನೆಯೂ ಹೌದು. ಈ ಬಿಳಿಯ ಆಕೃತಿಗಳಲ್ಲಿ ರೈತನ ಮಗಳು ಹೊಲವನ್ನು ಕಾಣಲಿ, ಬಾದಾಮಿಯ ಹಾದಿಯಲ್ಲಿ ಬೆಳೆದವಳು ಕೋಟೆಯನ್ನು ಕಾಣಲಿ, ಹೆಸರು ಇಬ್ಬರಿಗೂ ಒಪ್ಪುತ್ತದೆ. ಅಂಚನ್ನು ಆ ಕಡೆಯವರು ದಡಿ ಎನ್ನುವರು. ಗೋಮಿ, ಚಿಕ್ಕಿ ಮೊದಲಾದ ಬಗೆಗಳುಂಟು. ಒಡಲು ದಾಳಿಂಬೆಯ ಕೆಂಪಾಗಿರಲಿ, ಗಿಳಿಯ ಹಸುರಾಗಿರಲಿ, ದಡಿಯಲ್ಲಿ ಕೆಂಪು ತಪ್ಪುವುದು ಅಪರೂಪ. ಕರಿಯ ಒಡಲಿನ ಚಂದ್ರಕಾಳಿಯ ಮಾತೇ ಬೇರೆ. ಅದರ ಮೇಲೆ ಕಸೂತಿ ಹಾಕಿದರಂತೂ, ಅಮಾವಾಸ್ಯೆಯ ಆಕಾಶದಲ್ಲಿ ಚಿಕ್ಕೆಗಳು ಮೂಡಿದಂತೆ.

ಇಂತಹ ಸೀರೆ ಹಳತಾದಾಗ ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಕುಳಿತೆದ್ದು ದುಡಿಯುವ ಹೆಣ್ಣಿನ ಮೈಮೇಲೆ ಹತ್ತಿಯ ಒಡಲು ಮೊದಲು ತೆಳುವಾಗುತ್ತದೆ. ನೆರಿಗೆಯ ಬುಡ ಹರಿಯುತ್ತದೆ. ದಡಿ ಮತ್ತು ಸೆರಗು ಮಾತ್ರ ಇನ್ನೂ ಕಸುವುಳ್ಳದ್ದಾಗಿ ಉಳಿದುಕೊಂಡಿರುತ್ತವೆ. ಉಡಲು ಬಾರದು, ಎಸೆಯಲು ಮನಸ್ಸು ಬಾರದು. ಕೌದಿ ಹುಟ್ಟುವುದು ಈ ಸಂಕಟದಲ್ಲಿ.

ಕೌದಿಯ ಮತ್ತೊಂದು ಸಾಮಗ್ರಿಯನ್ನು ನೋಡಬೇಕಾದರೆ ಇಳಕಲ್ಲಿನಿಂದ ಮರಳಿ ಹುನಗುಂದಕ್ಕೆ ಬಂದು, ಕರದಂಟಿಗೆ ಹೆಸರಾದ ಅಮೀನಗಡವನ್ನೂ ಕಮತಗಿಯನ್ನೂ ಹಾಯ್ದು ಗುಳೇದಗುಡ್ಡಕ್ಕೆ ಹೋಗಬೇಕು. ಇಳಕಲ್ಲಿನ ಸೀರೆಯ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ ತೊಡುವುದು ಆ ಭಾಗದ ಹೆಣ್ಣುಮಕ್ಕಳ ಹಳೆಯ ರೂಢಿ. ಕಿರಿದಾದ ಅಗಲದಲ್ಲಿ ನೇಯ್ದ ಈ ಅರಿವೆಯ ಮೈತುಂಬ ಸಣ್ಣ ಸಣ್ಣ ಆಕೃತಿಗಳು: ತೇರು, ಸೂರ್ಯನಾರಾಯಣ, ಆನೆಹೆಜ್ಜೆ. ಅಂಗಡಿಯವನು ಅದನ್ನು ಮುಕ್ಕೋನವಾಗಿ ಮಡಿಸಿ ಕೊಡುತ್ತಾನೆ. ಉಡಿ ತುಂಬುವಾಗಲೂ ಆ ಮಡಿಕೆ ಹಾಗೆಯೇ ಇರಬೇಕು. ಮಹಾರಾಷ್ಟ್ರದ ಹೆಂಗಸರಿಗೂ ಇದೆಂದರೆ ಪ್ರೀತಿ. ಕುಪ್ಪಸ ಹೊಲಿದ ಮೇಲೆ ಉಳಿಯುವ ಖಣದ ಚೂರುಗಳನ್ನು ಉತ್ತರ ಕರ್ನಾಟಕದ ಯಾವ ಗೃಹಿಣಿಯೂ ಕಸದ ಬುಟ್ಟಿಗೆ ಹಾಕಿದವಳಲ್ಲ. ಗಂಟು ಕಟ್ಟಿ ಅಟ್ಟದ ಮೇಲಿಡುತ್ತಾಳೆ, ವರ್ಷಗಟ್ಟಲೆ.

ಬೆಂಗಳೂರು ಮೈಸೂರಿನ ವಾಚಕರಿಗಾಗಿ ಕೌದಿಯ ಬಗ್ಗೆ ಎರಡು ಮಾತು ಹೇಳುವುದು ಅವಶ್ಯ. ಇದು ಹತ್ತಿ ತುಂಬಿದ ರಜಾಯಿಯಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ದಪ್ಪ ದಾರದಿಂದ ಬೆರಳಗಲಕ್ಕೊಂದರಂತೆ ಸಾಲುಹೊಲಿಗೆ ಹಾಕಿದ ಹಾಸಿಗೆ-ಹೊದಿಕೆ. ಬಾಣಂತಿಯ ಮಗ್ಗುಲಿಗೂ ಅದೇ, ಕೂಸಿನ ತೊಟ್ಟಿಲಿಗೂ ಅದೇ, ಬೀಗರು ಬಂದರೆ ಪಡಸಾಲೆಗೂ ಅದೇ. ಮರಾಠಿಯ ಗೋಧಡಿ, ಬಂಗಾಳದ ಕಾಂಥಾ ಇದರ ಒಡಹುಟ್ಟುಗಳು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿನಲ್ಲಿ ನೆಲಸಿರುವ ಸಿದ್ದಿ ಜನಾಂಗದ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಿಸಿ ಹೂವು ಹೊಲಿಯುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೋಳು. 2011ರಲ್ಲಿ ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಆ ಕೌದಿಗಳ ಪ್ರದರ್ಶನವೇ ನಡೆಯಿತು. ನಮ್ಮ ಅಟ್ಟದ ಮೇಲಿನ ಗಂಟನ್ನು ಪರದೇಶದವರು ಗೋಡೆಗೆ ತೂಗುಹಾಕಿ ನೋಡಿದ ಮೇಲೆ ನಮಗೂ ಅದರ ಚೆಲುವು ಕಂಡಿತೆಂದರೆ, ಅದೇನು ಹೆಮ್ಮೆಯ ಸಂಗತಿಯಲ್ಲ.

ಸುಗ್ಗಿ ಮುಗಿದು ಬಿಸಿಲು ಬಲಿತಾಗ ಕೌದಿಯ ಕಾಲ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರು ಆಗ ಬೀದಿಯಲ್ಲಿ ಕೂಗುತ್ತ ಬರುತ್ತಾರೆ. ಅಂಥವಳೊಬ್ಬ ಮುದುಕಿ ಒಂದು ಬೇಸಿಗೆಯಲ್ಲಿ ಹುಬ್ಬಳ್ಳಿಯ ಮನೆಯೊಂದರ ಅಂಗಳಕ್ಕೆ ಬಂದು ಕುಳಿತಳು. ಆ ಮನೆಯ ಹಿರಿಯಾಕೆ ತೀರಿಕೊಂಡು ಅದಾಗಲೇ ವರ್ಷ ಕಳೆದಿತ್ತು. ಬಿಟ್ಟುಹೋದ ಸೀರೆಗಳಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ: ಒಂಬತ್ತು ಗಜದ ಚಂದ್ರಕಾಳಿ, ಕೆಂಪು ದಡಿ, ತೋಪುತೆನೆಯ ಸೆರಗು. ಹೆಣ್ಣುಮಕ್ಕಳಿಬ್ಬರು, ಹಿರಿಯವಳು ಅದೇ ಊರಿನಲ್ಲಿ, ಕಿರಿಯವಳು ಬೆಂಗಳೂರಿನಲ್ಲಿ. ಸೀರೆಯ ನೆರಿಗೆ ಜಾಲರಿಯಂತಾಗಿತ್ತು.

“ಅವ್ವನ ಸೀರಿಗೆ ಕತ್ತರಿ ಹಚ್ಚಬ್ಯಾಡ,” ಎಂದಳು ಹಿರಿಯವಳು.

“ಪೆಟಗ್ಯಾಗ ಇಟ್ರ ಹುಳ ತಿಂತಾವ, ಅಕ್ಕಾ. ಕೌದಿ ಆದ್ರ ಹುಡುಗರು ಹೊದ್ದಕೊಂತಾವ,” ಎಂದು ಕಿರಿಯವಳ ವಾದ.

ಮೂರು ದಿನ ಮಾತು ಬೆಳೆಯಿತು. ನಡುವೆ ಒಂದು ಹೊತ್ತು ಮಾತೇ ನಿಂತಿತು. ಕೊನೆಗೆ ಲೆಕ್ಕ ಹಾಕಿದವಳು ಮುದುಕಿಯೇ. ಏಳಡಿ ಉದ್ದ, ಐದಡಿ ಅಗಲದ ಕೌದಿಗೆ ಸುತ್ತಲೂ ಕಟ್ಟು ಕೊಡಲು ಇಪ್ಪತ್ತನಾಲ್ಕು ಅಡಿ ದಡಿ ಬೇಕು. ಸೆರಗನ್ನು ಬಿಟ್ಟರೆ ಸೀರೆಯ ಒಂದೊಂದು ದಡಿಯೂ ಇಪ್ಪತ್ತೈದು ಅಡಿಗೆ ಕಡಿಮೆಯಿಲ್ಲ. ಎರಡು ದಡಿಗೆ ಎರಡು ಕೌದಿ. ಕರಿಯ ಒಡಲನ್ನು ನಡುವೆ ತುಂಡರಿಸಿ ಒಂದೊಂದಕ್ಕೆ ಒಂದೊಂದು ಪದರ ಹಾಸಬಹುದು. ಇಬ್ಬರಿಗೂ ಸಮಪಾಲು. ಉಳಿದದ್ದು ಸೆರಗು, ಅದು ಇರುವುದು ಒಂದೇ. ನಡುವೆ ಹರಿದು ಹಂಚಿಕೊಳ್ಳುವ ಸೂಚನೆಯೂ ಬಂತು. ಮುದುಕಿ ಕತ್ತರಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡುಬಿಟ್ಟಳು.

“ಸೆರಗ ಹರದ್ರ ಎರಡೂ ಹಾಳ, ಯವ್ವಾ. ಒಂದಕ್ಕ ಇದನ್ನ ಇಡೂಣು. ಇನ್ನೊಂದಕ್ಕ ಇದನ್ನ ನೋಡಿ ಕಟ್ಟೂಣು.”

ಕಟ್ಟುವುದೆಂದರೆ ತುಂಡುಗಳಿಂದ ತೋಪುತೆನೆಯನ್ನು ಮರಳಿ ಎಬ್ಬಿಸುವುದು. ನೇಕಾರನು ಎಳೆಗಳಿಂದ ಮಾಡಿದ್ದನ್ನು ಚಿಂದಿಗಳಿಂದ ಮಾಡಬೇಕು. ಅಟ್ಟದ ಗಂಟು ಇಳಿಯಿತು. ಕೆಂಪು ನೆಲಕ್ಕೆ ಖಣದ ತುಂಡುಗಳು ಬೇಕಾದಷ್ಟಿದ್ದವು. ಬಿಳಿಯ ಗೋಪುರಗಳಿಗೆ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ ಪೆಟ್ಟಿಗೆಯ ತಳದಿಂದ, ಎಷ್ಟೋ ವರ್ಷಗಳ ಹಿಂದೆ ಗತಿಸಿದ ತಂದೆಯ ಒಂದು ಧೋತರ ಹೊರಬಂತು.

ಹೊಲಿಗೆಗೆ ಮೊದಲು ತೊಳೆಯುವ ಕೆಲಸ. ಕೆಂಪಿನ ಪಕ್ಕದಲ್ಲಿ ಬಿಳಿಯನ್ನಿಟ್ಟು ಹೊಲಿಯುವವರು ಮೊದಲು ಕೆಂಪನ್ನು ನಂಬಬಾರದು. ಖಣದ ಚೂರುಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿದಾಗ ಮೊದಲ ನೀರು ಕುಂಕುಮ ಕಲಸಿದಂತಾಯಿತು, ಎರಡನೆಯದು ತಿಳಿಗೆಂಪು, ಮೂರನೆಯದು ತಿಳಿ. ಒಂದು ತುಂಡು ಮಾತ್ರ ಎಷ್ಟು ತೊಳೆದರೂ ಬಣ್ಣ ಬಿಡುತ್ತಲೇ ಇತ್ತು. ಎಲ್ಲಕ್ಕಿಂತ ಚೆಲುವಾದದ್ದೂ ಅದೇ, ಹಿರಿಯವಳ ಮದುವೆಯ ಖಣ. ಅದನ್ನು ಬದಿಗಿಡಬೇಕಾಯಿತು.

ಮುದುಕಿಯ ಬಳಿ ಅಳತೆಯ ಪಟ್ಟಿಯಿಲ್ಲ. ಗೇಣು, ಬೆರಳು, ಇವೇ ಅವಳ ಮಾನಗಳು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೋಪುರದ ಆಕಾರ ಬರೆದಳು: ಬುಡದಲ್ಲಿ ಐದು ಚೌಕ, ಅದರ ಮೇಲೆ ಮೂರು, ತುದಿಗೆ ಒಂದು. ಚೌಕ ನಾಲ್ಕು ಬೆರಳಿನದಾದರೆ ಅಗಲಕ್ಕೆ ಮೂರೇ ಗೋಪುರಗಳು ಹಿಡಿಯುವುವು. ಕಿರಿಯವಳ ಮುಖ ಬಾಡಿತು. ಮೂರು ಗೋಪುರ ನಿಂತರೆ ಅದು ಸೆರಗಿನಂತೆ ಕಾಣದು, ಊರ ಹೊರಗಿನ ಪಾಳುಗುಡಿಗಳಂತೆ ಕಂಡೀತು. ಚೌಕವನ್ನು ಎರಡು ಬೆರಳಿಗೆ ಇಳಿಸಿದ ಮೇಲೆ ಆರು ಗೋಪುರಗಳು ಕೂತವು. ಮೇಲೊಂದು ಸಾಲು, ಅದಕ್ಕೆದುರಾಗಿ ಕೆಳಗೊಂದು ಸಾಲು. ಗೋಪುರಕ್ಕೆ ಒಂಬತ್ತರಂತೆ ಧೋತರದ ಚೌಕಗಳು ನೂರೆಂಟಾದವು. ಯಾರೂ ಎಣಿಸಿ ಮಾಡಿದ್ದಲ್ಲ. ಆದರೂ ಆ ಸಂಖ್ಯೆ ಬಂದದ್ದಕ್ಕೆ ಮನೆಯಲ್ಲಿ ಎಲ್ಲರಿಗೂ ಒಳಗೊಳಗೇ ಸಮಾಧಾನವಾಯಿತು.

ಒಂದೊಂದು ಚೌಕದ ನಾಲ್ಕು ಅಂಚನ್ನೂ ಒಳಕ್ಕೆ ಮಡಿಸಿ ಉಗುರಿನಿಂದ ತೀಡಿ ಕೂಡಿಸುವುದು ಕಣ್ಣಿಗೂ ಬೆನ್ನಿಗೂ ಕಷ್ಟದ ಕೆಲಸ. ಹಿರಿಯವಳು ಮೊದಲ ವಾರ ಆ ಕಡೆ ಸುಳಿಯಲಿಲ್ಲ. ಎರಡನೆಯ ವಾರ ಚಹ ಕೊಡುವ ನೆಪದಿಂದ ಬಂದು ನಿಂತಳು. ಮುದುಕಿ ಮಾತಾಡದೆ ದಾರ ಪೋಣಿಸಿದ ಒಂದು ಸೂಜಿಯನ್ನು ಅವಳ ಕೈಗೆ ಕೊಟ್ಟಳು.

ಕೌದಿಯ ಹೊಲಿಗೆ ಅಂಚಿನಿಂದ ಆರಂಭವಾಗುತ್ತದೆ. ನಾಲ್ಕೂ ಬದಿ ಸುತ್ತಿ, ಮತ್ತೆ ಅದರೊಳಗೊಂದು ಸುತ್ತು, ಅದರೊಳಗೆ ಮತ್ತೊಂದು. ಹೀಗೆ ಸಾಲುಗಳು ನಡುವಿನತ್ತ ಸರಿಯುತ್ತವೆ. ಎದುರುಬದುರಾಗಿ ಕುಳಿತವರು ದಿನದಿನಕ್ಕೆ ಹತ್ತಿರವಾಗುತ್ತ ಬರುತ್ತಾರೆ. ಪದರಗಳು ಸರಿಯದಂತೆ ಒಬ್ಬರು ಎಳೆದಷ್ಟೇ ಇನ್ನೊಬ್ಬರೂ ಎಳೆಯಬೇಕು. ಒಬ್ಬಳ ಸಿಟ್ಟು ಇನ್ನೊಬ್ಬಳ ಸಾಲಿನಲ್ಲಿ ಸುಕ್ಕಾಗಿ ಏಳುತ್ತದೆ. ಕಸೂತಿಯ ಗವಂತಿ, ಮುರಗಿಗಳಂತೆ ಇದಕ್ಕೆ ಎರಡೂ ಮೈ ಒಂದೇ ತೆರನಾಗಿರಬೇಕೆಂಬ ಬಿಗಿಯಿಲ್ಲ. ಆದರೆ ಬೆನ್ನಿನ ಕಡೆ ಹೊಲಿಗೆಯ ಸಾಲುಗಳನ್ನು ನೋಡಿದರೆ ಯಾವುದು ಮುದುಕಿಯದು, ಯಾವುದು ಅಕ್ಕನದು, ಯಾವುದು ತಂಗಿಯದು ಎಂದು ಹೇಳುವುದು ಸುಲಭ.

ನಡುವಿನ ಒಂದು ಗೇಣು ಉಳಿದಾಗ ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಅದನ್ನು ಬರಿದಾಗಿ ಮುಚ್ಚಬಾರದೆಂಬ ನಂಬಿಕೆ ಕೆಲವು ಕಡೆ ಉಂಟು. ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳನ್ನೋ ಒಳಗಿಟ್ಟು ಹೊಲಿದರೆ, ಹೊದ್ದವರ ಹೊಟ್ಟೆಯೂ ಹಸಿಯುವುದಿಲ್ಲವಂತೆ. ಹುಬ್ಬಳ್ಳಿಯ ಆ ಅಂಗಳದಲ್ಲಿ ಎರಡು ಕೌದಿಗಳಿಗೂ ಜೋಳದ ರೊಟ್ಟಿಯ ಚೂರು ಬಿತ್ತು. ರೊಟ್ಟಿ ಬಡಿದವಳು ಹಿರಿಯವಳು.

ಮೊದಲನೆಯದರ ನಡುವೆ ಅವ್ವನ ಸೆರಗು ಕೊಂಡಿಯ ಸಮೇತ ಹಾಗೆಯೇ ಕೂತಿತ್ತು. ಎರಡನೆಯದರಲ್ಲಿ ಧೋತರದ ನೂರೆಂಟು ಚೌಕಗಳ ಗೋಪುರಗಳು. ಬಿಳುಪಿನಲ್ಲಿ ಸ್ವಲ್ಪ ಹಳದಿ ಇಣುಕುತ್ತಿತ್ತು, ಒಂದು ಗೋಪುರ ಎಡಕ್ಕೆ ವಾಲಿತ್ತು. ಸೀರೆಗೆ ಕತ್ತರಿ ಬೇಡವೆಂದವಳಿಗೇ ಸೆರಗು ಸಲ್ಲಬೇಕೆಂದು ಕಿರಿಯವಳು ಮೊದಲೇ ನಿಶ್ಚಯಿಸಿಕೊಂಡಿದ್ದಳು. ಹಿರಿಯವಳು ಎರಡನ್ನೂ ಬಿಸಿಲಿಗೆ ಹರವಿ, ಬಹಳ ಹೊತ್ತು ನೋಡಿ, ವಾಲಿದ ಗೋಪುರದ ಕೌದಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು.

“ಅದರಾಗ ಅವ್ವ ಒಬ್ಬಾಕಿನ ಅದಾಳ. ಇದರಾಗ ಅಪ್ಪನೂ ಅದಾನ.”

ಈಗ ಇಂತಹ ಕೌದಿಗಳಿಗೆ ಅರಿವೆ ಒದಗುವುದೇ ಕಷ್ಟವಾಗುತ್ತಿದೆ. ವಿದ್ಯುತ್ ಮಗ್ಗದ ಮೇಲೆ ಕೃತಕ ನೂಲಿನಿಂದ ನೇಯ್ದ ಸೀರೆ ಅಗ್ಗವಾಗಿ ಸಿಗುತ್ತದೆ, ಬೇಗ ಹರಿಯುವುದೂ ಇಲ್ಲ. ಆದರೆ ಅದು ಬೆವರನ್ನು ಹೀರದು, ಸವೆದು ಮೆತ್ತಗಾಗದು. ಇಪ್ಪತ್ತು ವರ್ಷ ಒಗೆಸಿಕೊಂಡ ಹತ್ತಿಯ ಮೃದುತ್ವವನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗುವುದಿಲ್ಲ. ಪೇಟೆಯಲ್ಲಿ ಕೌದಿಯೆಂಬ ಹೆಸರಿನಿಂದ ಹೊಸ ಬಟ್ಟೆಯನ್ನು ಕತ್ತರಿಸಿ ಹೊಲಿದ ಹೊದಿಕೆಗಳು ಮಾರಾಟವಾಗುತ್ತಿವೆ. ನೋಡಲು ಅಂದವಾಗಿವೆ, ಹೆಂಗಸರ ಕೈಗೆ ಕೂಲಿಯೂ ದೊರೆಯುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ.

ಕಿರಿಯವಳ ಕೌದಿ ಯಾವ ಚೀಲಕ್ಕೂ ಹಿಡಿಯದೆ, ಹಳೆಯ ಚಾದರವೊಂದರಲ್ಲಿ ಗಂಟಾಗಿ, ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೊರಟಿತು. ಮುದುಕಿ ಕೂಲಿಯ ಹಣವನ್ನು ಎಣಿಸಿಕೊಂಡ ಮೇಲೆ ಅಂಗಳದಲ್ಲಿ ಬಿದ್ದಿದ್ದ ಖಣದ ಚೂರುಗಳನ್ನು ಕೇಳಿ ಪಡೆದು, ಒಂದೊಂದಾಗಿ ಆರಿಸಿ ಗಂಟಿಗೆ ಹಾಕಿಕೊಂಡಳು. ಬದಿಗಿಟ್ಟಿದ್ದ ಆ ಬಣ್ಣಗೇಡಿ ಕೆಂಪು ತುಂಡನ್ನೂ ಬಿಡಲಿಲ್ಲ.

“ಇನ್ನ ಹತ್ತ ಸಲ ತೊಳದ್ರ ಬರ್ತೈತಿ,” ಎಂದು ಹೇಳಿ, ಮುಂದಿನ ಓಣಿಯತ್ತ ಕೂಗುತ್ತ ನಡೆದಳು.