ಪೈಲೋಸ್ ಅರಮನೆಯ ಕೊನೆಯ ಲೆಕ್ಕ

ಕ್ರಿಸ್ತಪೂರ್ವ 1200ರ ಆಸುಪಾಸು. ಗ್ರೀಸಿನ ನೈಋತ್ಯ ಮೂಲೆಯ ಗುಡ್ಡವೊಂದರ ಮೇಲೆ, ಪೈಲೋಸ್ ಅರಮನೆಯ ಹೆಬ್ಬಾಗಿಲಲ್ಲಿ ನಿಂತಿದ್ದೀರಿ. ಕೆಳಗೆ ಆಲಿವ್ ತೋಪು, ಅದರಾಚೆ ಸಮುದ್ರ. ಇದೇ ಕಾಲದ ಗ್ರೀಕ್ ನಗರ ಮೈಸೀನೆಯಲ್ಲಿರುವಂಥ ದೈತ್ಯ ಕಲ್ಲಿನ ಕೋಟೆ ಈ ಅರಮನೆಯ ಸುತ್ತ ಇಲ್ಲ. ಒಳಗೆ ಕಾಲಿಡುತ್ತಿದ್ದಂತೆ ಎಡಕ್ಕೆ ಎರಡು ಪುಟ್ಟ ಕೋಣೆಗಳು. ಸಿಂಹಾಸನದ ಸಭಾಂಗಣವನ್ನು ಆಮೇಲೆ ನೋಡೋಣ, ಮೊದಲು ಇಲ್ಲಿಗೆ ಬನ್ನಿ.

ಹಸಿ ಮಣ್ಣಿನ ವಾಸನೆ. ಕರಣಿಕನೊಬ್ಬ ಜೇಡಿಮಣ್ಣನ್ನು ನಾದಿ, ಅಂಗೈಯಲ್ಲಿ ಒತ್ತಿ, ತಾಳೆಗರಿಯ ತುಂಡಿನಂತೆ ಉದ್ದಕ್ಕೆ ಚಪ್ಪಟೆ ಮಾಡುತ್ತಿದ್ದಾನೆ. ಅಂಗೈಯ ಗೆರೆಗಳು ಮಣ್ಣಿನಲ್ಲಿ ಅಚ್ಚೊತ್ತುತ್ತವೆ. ಚೂಪು ಕಡ್ಡಿ ಹಿಡಿದು ಗೀಚತೊಡಗುತ್ತಾನೆ. ಅವನ ಭುಜದ ಮೇಲಿಂದ ಇಣುಕಿ ನೋಡಿ: ಊರಿನ ಹೆಸರು, ಪಕ್ಕದಲ್ಲಿ ಮನುಷ್ಯನ ಪುಟ್ಟ ಚಿತ್ರ, ಅದರ ಮುಂದೆ ನೆಟ್ಟಗಿನ ಗೀಟುಗಳು. ತಲೆಗೊಂದು ಗೀಟು. ಒಂದೂರಿನಿಂದ 8, ಉಳಿದವುಗಳಿಂದ 5, 4, 6, 7. ಪ್ಲೂರೋನ್ ಎಂಬ ಊರಿಗೆ ಹೊರಡಬೇಕಾದ, ಹಡಗಿನ ಹುಟ್ಟು ಹಾಕುವವರು ಒಟ್ಟು 30 ಮಂದಿ.

ಇನ್ನೊಂದು ಹಲಗೆಯಲ್ಲಿ ಕಂಚುಗಾರರಿಗೆ ತೂಗಿ ಕೊಟ್ಟ ಕಂಚು. ಮತ್ತೊಂದರಲ್ಲಿ ಸುಗಂಧ ತೈಲ. ದೇವರುಗಳಿಗೆ ಸಲ್ಲಬೇಕಾದ ಚಿನ್ನದ ಬಟ್ಟಲುಗಳ ಪಟ್ಟಿಯಲ್ಲಿ ಜ್ಯೂಸ್ ಇದ್ದಾನೆ, ಹೆರಾ ಇದ್ದಾಳೆ. ಹೋಮರನ ಕಾವ್ಯಕ್ಕೆ ಇನ್ನೂ ನಾನೂರು ವರ್ಷ ಬಾಕಿ! ಒಂದಿಷ್ಟು ಹಲಗೆಗಳು ಮಾತ್ರ ಮನಸ್ಸನ್ನು ಹಿಂಡುತ್ತವೆ. ಅವುಗಳಲ್ಲಿರುವುದು ಕರಾವಳಿಯುದ್ದಕ್ಕೂ ಕಾವಲಿಗೆ ನಿಂತ ಸುಮಾರು 800 ಜನರ ಲೆಕ್ಕ.

ಸಭಾಂಗಣದ ನಡುವೆ ನಾಲ್ಕು ಮೀಟರ್ ಅಗಲದ ದುಂಡನೆಯ ಅಗ್ನಿಕುಂಡ. ಅದರ ಹಿಂದಿನ ಉಗ್ರಾಣದಲ್ಲಿ ಆಲಿವ್ ಎಣ್ಣೆ ತುಂಬಿದ ಗುಡಾಣಗಳು.

ಆ ಎಣ್ಣೆಗೆ ಬೆಂಕಿ ತಗಲಿತು. ತೊಲೆಗಳು ಉರಿದು ಬಿದ್ದವು, ಸುಣ್ಣಕಲ್ಲು ಬೆಂದು ಸುಣ್ಣವಾಯಿತು. ಬೆಂಕಿ ಇಟ್ಟವರು ಯಾರೆಂದು ಯಾವ ಹಲಗೆಯೂ ಹೇಳುವುದಿಲ್ಲ. ಕರಣಿಕರು ಹಲಗೆಗಳನ್ನು ಸುಡುತ್ತಿರಲಿಲ್ಲ, ಒಣಗಿಸಿ ಇಡುತ್ತಿದ್ದರಷ್ಟೆ; ಲೆಕ್ಕ ಮುಗಿದರೆ ಅವು ಮತ್ತೆ ಮಣ್ಣೇ. ಅರಮನೆಯನ್ನು ನುಂಗಿದ ಬೆಂಕಿಯೇ ಅವುಗಳನ್ನು ಇಟ್ಟಿಗೆಯಷ್ಟು ಗಟ್ಟಿ ಮಾಡಿತು.

ಇಂಥ ಅರಮನೆಗಳ ಜೊತೆ ಬರವಣಿಗೆಯೂ ಅಳಿಯಿತು. ಬರೆಯಬಲ್ಲವರು ಬೆರಳೆಣಿಕೆಯ ಕರಣಿಕರು. ಒಡೆಯ ಹೋದ ಮೇಲೆ ಅವರು ಯಾರಿಗಾಗಿ ಬರೆಯಬೇಕು? ಗ್ರೀಕರು ಮತ್ತೆ ಬರೆದದ್ದು ಕ್ರಿಸ್ತಪೂರ್ವ ಎಂಟನೆಯ ಶತಮಾನದ ಹೊತ್ತಿಗೆ, ಫಿನೀಷಿಯನ್ನರಿಂದ ಅಕ್ಷರ ಪಡೆದು, ಅದಕ್ಕೆ ಸ್ವರಗಳನ್ನು ಕೂಡಿಸಿಕೊಂಡು. ಅಥೆನ್ಸಿನಲ್ಲಿ ಸಿಕ್ಕ ಆ ಕಾಲದ ಹೂಜಿಯೊಂದರ ಮೇಲೆ, ಎಲ್ಲರಿಗಿಂತ ಚೆನ್ನಾಗಿ ಕುಣಿಯುವವನ ಬಗ್ಗೆ ಯಾರೋ ಗೀಚಿದ್ದಾರೆ. ಅರಸನ ಲೆಕ್ಕಕ್ಕಷ್ಟೇ ಮೀಸಲಾಗಿದ್ದ ಬರಹ ಕುಣಿತದ ಕೂಟಕ್ಕೂ ಬಂದಿತ್ತು. ಮುಂದಿನ ಕಾವ್ಯ, ನಾಟಕ, ಕಾನೂನು ಎಲ್ಲಕ್ಕೂ ದಾರಿಯಾದದ್ದು ಈ ಬದಲಾವಣೆಯೇ ಎಂಬುದು ನನ್ನ ಗಟ್ಟಿ ನಂಬಿಕೆ.

1939ರಲ್ಲಿ ಪುರಾತತ್ತ್ವಜ್ಞ ಕಾರ್ಲ್ ಬ್ಲೇಗನ್ ತಂಡ ಗುಡ್ಡವನ್ನು ಅಗೆದಾಗ ಮೊದಲ ದಿನವೇ ಹಲಗೆಗಳು ಸಿಕ್ಕವು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಆ ಲಿಪಿಯನ್ನು ಬಿಡಿಸಿದರು. ಬಹುತೇಕ ವಿದ್ವಾಂಸರ ಊಹೆ ತಲೆಕೆಳಗಾಯಿತು: ಅದು ಗ್ರೀಕ್ ಭಾಷೆಯೇ ಆಗಿತ್ತು. ಗ್ರೀಕ್ ನಾಗರಿಕತೆಯ ಪಾಠವನ್ನು ಅಥೆನ್ಸಿನ ತತ್ತ್ವಜ್ಞಾನಿಗಳಿಂದ ಶುರುಮಾಡುವ ನಮ್ಮ ಪುಸ್ತಕಗಳು, ಅವರಿಗಿಂತ ಏಳು ಶತಮಾನ ಮೊದಲು ಅದೇ ಭಾಷೆಯಲ್ಲಿ ಲೆಕ್ಕ ಬರೆದ ಈ ಕರಣಿಕನಿಗೂ ಒಂದು ಪುಟ ಕೊಡಲಿ.